ಗೋಪುರವಿಲ್ಲದ ನಿಸ್ತಂತು ಜಾಲ

2017ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಮರಿಯಾ ಎಂಬ ಚಂಡಮಾರುತವು ಪೋರ್ಟೊ ರೀಕೊ ದ್ವೀಪವನ್ನು ಹೊಡೆದಾಗ, ಅಲ್ಲಿಯ ಮೊಬೈಲ್ ಗೋಪುರಗಳಲ್ಲಿ ನೂರಕ್ಕೆ 95ರಷ್ಟು ನಿಂತುಹೋದುವು. ಫೋನುಗಳು ಜನರ ಕೈಯಲ್ಲಿಯೇ ಇದ್ದುವು. ಆದರೆ ಪಕ್ಕದ ಊರಿನವರಿಗೆ 'ಬದುಕಿದ್ದೇವೆ' ಎಂಬ ಒಂದು ಮಾತನ್ನು ಮುಟ್ಟಿಸಲೂ ಅವು ಅಶಕ್ತವಾದುವು. ಮಗಳನ್ನು ಪರಊರಿನಲ್ಲಿ ಓದಲಿಟ್ಟಿರುವ ತಂದೆತಾಯಿಗಳಿಗೆ ಆ ಸಂಕಟವನ್ನು ನಾವು ಬಣ್ಣಿಸಬೇಕಾಗಿಲ್ಲ.

ಗೋಪುರದ ಹಂಗಿಲ್ಲದೆ ಉಪಕರಣಗಳು ತಮ್ಮತಮ್ಮೊಳಗೇ ಸುದ್ದಿಯನ್ನು ಸಾಗಿಸಬಲ್ಲವು. ಇಂತಹ ಏರ್ಪಾಟಿಗೆ ಆಡ್‌ಹಾಕ್ ಜಾಲವೆಂದು ಹೆಸರು. 1970ರ ದಶಕದಲ್ಲಿಯೇ ಅಮೇರಿಕೆಯ ರಕ್ಷಣಾ ಇಲಾಖೆಯವರು ಇದರ ಪ್ರಯೋಗಗಳನ್ನು ನಡೆಸಿದರು. ಇದರಲ್ಲಿ ಕಾಗದವನ್ನು ಬರೆಯುವವರೇ ನೆರೆಯವರ ಕಾಗದವನ್ನು ಹೊರುವ ಅಂಚೆಯವರೂ ಆಗಿರುವರು. ಆದರೆ ಎಲ್ಲರೂ ಓಡಾಡುತ್ತಿರುವುದರಿಂದ ಈ ಗಳಿಗೆಯ ಹಾದಿಯು ಮರುಗಳಿಗೆಗೆ ಇರದು.

ಪರ್ಕಿನ್ಸ್ ಮತ್ತು ರಾಯರ್ ಎಂಬವರು 1999ರಲ್ಲಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಸುಶೀಲೆಯು ದೂರದ ಗ್ರೇಸಿಗೆ ಸುದ್ದಿ ಕಳುಹಿಸಬೇಕಾಗಿದೆಯೆನ್ನೋಣ. ಅವಳ ಉಪಕರಣವು 'ಗ್ರೇಸಿಯ ಹಾದಿಯನ್ನು ಬಲ್ಲವರು ಯಾರು?' ಎಂದು ಸುತ್ತಲಿನವರನ್ನು ಕೇಳುವುದು. ಅರಿಯದವರು ಪ್ರಶ್ನೆಯನ್ನು ಮುಂದಕ್ಕೆ ದಾಟಿಸಿ, ಅದು ಯಾರಿಂದ ಬಂತೆಂಬುದನ್ನು ನೆನಪಿಡುವರು. ಉತ್ತರವು ಅದೇ ಹೆಜ್ಜೆಗಳ ಮೇಲೆ ಹಿಂದಿರುಗುವುದು. ಹಾದಿಯು ಎಷ್ಟು ಹೊಸತೆಂಬುದಕ್ಕೆ ಉತ್ತರದಲ್ಲಿ ಒಂದು ಕ್ರಮಸಂಖ್ಯೆಯಿರುವುದು; ದೊಡ್ಡ ಸಂಖ್ಯೆಗೆ ಹೆಚ್ಚು ಮನ್ನಣೆ. ಹೊಸ ಹಾದಿಯನ್ನು ಬಲ್ಲ ಮಧ್ಯಸ್ಥರೂ ಉತ್ತರ ಕೊಡಬಹುದು.

ವಂಚಕನು ಒಳಹೊಗುವುದು ಈ ಬಾಗಿಲಿನಿಂದಲೇ. ಅವನು ಅತಿ ದೊಡ್ಡ ಸಂಖ್ಯೆಯನ್ನು ಹಾಕಿ 'ನಾನು ಬಲ್ಲೆ' ಎಂದು ಸುಳ್ಳುತ್ತರ ಕೊಟ್ಟರೆ, ಸುದ್ದಿಯೆಲ್ಲವೂ ಅವನಲ್ಲಿಗೆ ಹರಿದು ಅಲ್ಲಿಯೇ ನುಂಗಿಹೋಗುವುದು. ಇದನ್ನು ಕಪ್ಪುಕುಳಿಯೆನ್ನುವರು. ಕಾಗದಕ್ಕೆ ಗುಪ್ತಲಿಪಿಯ ಮುದ್ರೆಯೊತ್ತಿದ್ದರೂ ಫಲವಿಲ್ಲ. ಅವನು ಅದನ್ನು ಓದಲಾರನು, ಮುಟ್ಟಿಸುವುದೂ ಇಲ್ಲ. 2003ರಲ್ಲಿ ಈ ಪದ್ಧತಿಯ ನಿಯಮಗಳು ಅಚ್ಚಾದಾಗ ಅವುಗಳಲ್ಲಿ ವಿಶೇಷ ರಕ್ಷಣೆಯೊಂದೂ ಹೇಳಲ್ಪಡಲಿಲ್ಲ. ಬ್ಯಾಟರಿಯನ್ನು ಉಳಿಸಲು ಪರರ ಕಾಗದವನ್ನು ಹೊರದ ಜಿಪುಣರೂ ಉಂಟು. ಕೊಟ್ಟದ್ದನ್ನು ಮುಂದಿನವನು ದಾಟಿಸಿದನೋ ಎಂದು ಹಿಂದಿನವನು ಕಿವಿಗೊಟ್ಟು ಕೇಳುವ ಕಾವಲುಪದ್ಧತಿಯು ಇಂತಹವರಿಗಾಗಿ 2000ದಲ್ಲಿ ಸೂಚಿತವಾಯಿತು.

ಉತ್ತರಗಳಿಗೆ ಸಹಿಯಿರಲೆಂಬುದು ಸಹಜವಾದ ಪರಿಹಾರವು. ಆದರೆ ಸಹಿಯು ಇಂಥವರದೇ ಎಂದು ಸಾಕ್ಷಿ ಹೇಳುವವರಾರು? ಇಲ್ಲಿ ಅಂಚೆಯ ಯಜಮಾನನೇ ಇಲ್ಲ! ಮೊದಲೇ ಮುಖತಃ ಭೇಟಿಯಾಗಿ ಗುರುತಿನ ಕೀಲಿಗಳನ್ನು ಕೊಟ್ಟುಕೊಂಡವರಿಗೆ ಮಾತ್ರ ಇದು ಸುಲಭವು; ಪ್ರವಾಹದ ದಿನ ಕೂಡಿದ ಅಪರಿಚಿತರಿಗಲ್ಲ.

ಸಹಿಯೂ ತಡೆಯಲಾರದ ಮೋಸವೊಂದುಂಟು. ಇಬ್ಬರು ವಂಚಕರು ತಮ್ಮೊಳಗೆ ಗುಪ್ತಮಾರ್ಗವನ್ನು ಮಾಡಿಕೊಂಡು, ಒಂದು ಕಡೆ ಕೇಳಿದ್ದನ್ನು ದೂರದ ಇನ್ನೊಂದು ಕಡೆ ಅಕ್ಷರಶಃ ನುಡಿಸುವರು. ಸಹಿಯು ನಿಜವಾದುದೇ; ಆದರೆ ದೂರದವರು ನೆರೆಯವರಂತೆ ತೋರುವರು. ಕಾಗದದಲ್ಲಿ ಹೊರಟ ವೇಳೆಯನ್ನು ಬರೆದು, ಬೆಳಕಿನ ವೇಗದಿಂದ ದೂರವನ್ನು ಅಳೆಯಬೇಕೆಂದು 2003ರಲ್ಲಿ ಹು, ಪೆರಿಗ್, ಜಾನ್ಸನ್ ಎಂಬವರು ತೋರಿಸಿದರು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ಬೆಳಕು ಸುಮಾರು 300 ಮೀಟರು ಓಡುವುದು. ಗಡಿಯಾರಗಳಲ್ಲಿ ಅಷ್ಟೇ ವ್ಯತ್ಯಾಸವಿದ್ದರೂ ಅಳತೆಯು ಅಷ್ಟು ದೂರ ತಪ್ಪುವುದು. ಎಲ್ಲರ ಕೈಯ ಸಾಧಾರಣ ಫೋನುಗಳನ್ನು, ಗೋಪುರವಿಲ್ಲದ ವೇಳೆಯಲ್ಲಿ, ಅಷ್ಟು ಸೂಕ್ಷ್ಮವಾಗಿ ಹೊಂದಿಸುವುದು ಇಂದಿಗೂ ಕಷ್ಟವೇ ಆಗಿದೆ.