ಒಂದೇ ಗುಹೆಯ ದನಿ

ಮಲೆನಾಡಿನ ಅಡ್ಡಗದ್ದೆ ಕಡೆಯ ಹಳೇ ಮನೆಗಳಲ್ಲಿ ಮೂರ್ಸಂಜೆ ದೀಪ ಹಚ್ಚುವ ಹೊತ್ತಿಗೆ ಹಂಚಿನ ಸಂದಿಯಿಂದ ಸಣ್ಣ ಬಾವಲಿಗಳು ಒಂದೊಂದಾಗಿ ಉದುರಿದಂತೆ ಹೊರಬೀಳುತ್ತವೆ. ಅಂಗಳದ ಮೇಲೆ ಎರಡು ಸುತ್ತು ಹಾರಿ ತೋಟಕ್ಕೆ ಇಳಿದವೆಂದರೆ ಮತ್ತೆ ಕಣ್ಣಿಗೆ ಸಿಗುವುದಿಲ್ಲ. ಅಡಿಕೆ ಮರದ ಸಾಲು, ಬಾಳೆ ಎಲೆ, ಮೆಣಸಿನ ಬಳ್ಳಿ, ಯಾವುದಕ್ಕೂ ರೆಕ್ಕೆ ತಾಗಿಸದೆ ಹುಳ ಹಿಡಿಯುತ್ತವೆ. ನಮಗೆ ಕೇಳುವುದು ಜೀರುಂಡೆ ಮಾತ್ರ. ಬಾವಲಿಗಳೂ ಕೂಗುತ್ತಲೇ ಇರುತ್ತವೆ. ನಮ್ಮ ಕಿವಿ ಸುಮಾರು 20 ಕಿಲೋಹರ್ಟ್ಸ್‌ಗೆ ನಿಂತುಹೋಗುತ್ತದೆ, ಅಷ್ಟೇ. (ಹಣ್ಣಡಿಕೆ ಚೀಪಿ ಕೆಳಗೆ ಬೀಳಿಸುವ ದೊಡ್ಡ ಬಾವಲಿಗಳ ಕಥೆ ಬೇರೆ. ಅವು ನಂಬುವುದು ಕಣ್ಣು, ಮೂಗನ್ನು.)

ಕೂಗಿ, ಮರಳಿ ಬಂದ ಪ್ರತಿಧ್ವನಿಯಿಂದ ದಾರಿ ಮತ್ತು ಬೇಟೆಯನ್ನು ಗುರುತಿಸುವ ಈ ವಿದ್ಯೆ ಮನುಷ್ಯರ ಕಿವಿಗೆ ಬಿದ್ದದ್ದು 1938ರಲ್ಲಿ. ಹಾರ್ವರ್ಡ್‌ನ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಬಾವಲಿಗಳನ್ನು ಕಿವಿಗೆ ಕೇಳದ ದನಿ ಹಿಡಿಯುವ, ಭೌತವಿಜ್ಞಾನಿ ಪಿಯರ್ಸ್ ಅವರ ಯಂತ್ರದ ಮುಂದೆ ಒಯ್ದಾಗ ಮೌನಿಗಳೆಂದುಕೊಂಡಿದ್ದವು ಗದ್ದಲ ಎಬ್ಬಿಸಿದವು. ಹಲವು ಜಾತಿಗಳ ಕೂಗಿಗೆ ತಮ್ಮದೇ ಸ್ಥಾಯಿ ಇರುವುದು ಆಮೇಲೆ ತಿಳಿಯಿತು. ಸಂರಕ್ಷಣೆಯವರಿಗೆ ಬೇಕಾದದ್ದು ಈ ಸಂಗತಿಯೇ.

ದ್ವೀಪ ಎಂದೊಡನೆ ನಮಗೆ ಸಮುದ್ರ ನೆನಪಾಗುತ್ತದೆ. ಒಂದೇ ಕಡೆ ಸಿಕ್ಕಿಕೊಂಡ ಜೀವಿಗೆ ಕೋಲಾರದ ಬಯಲುಸೀಮೆಯ ಕಲ್ಲುಬೆಟ್ಟವೂ ದ್ವೀಪವೇ. ಅಲ್ಲಿನ ಹನುಮನಹಳ್ಳಿಯ ಗುಹೆಯಲ್ಲಿ ಕೋಲಾರ ಎಲೆಮೂಗಿನ ಬಾವಲಿ, ಅಂದರೆ ಹಿಪ್ಪೊಸಿಡೆರಸ್ ಹೈಪೊಫಿಲ್ಲಸ್, ವಾಸವಾಗಿದೆ. ಇದಕ್ಕೆ 1994ರಲ್ಲಿ ಹೆಸರಿಟ್ಟವರು ಡೀಟರ್ ಕಾಕ್ ಮತ್ತು ಎಚ್. ಆರ್. ಭಟ್. ತೇರಹಳ್ಳಿಯ ಗುಹೆಯಲ್ಲೂ ಇದು ಮೊದಲು ಇತ್ತು, ಈಗ ಅಲ್ಲಿ ಇಲ್ಲ. ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಐಯುಸಿಎನ್ ಇದನ್ನು ತೀವ್ರ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದೆ. ಸುತ್ತಲಿನ ಕಲ್ಲು ಗಣಿಗಾರಿಕೆಯೇ ಇದಕ್ಕೆ ದೊಡ್ಡ ಗಂಡಾಂತರ. ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್‌ನವರು ಈ ಗುಹೆಯ ಕಾವಲಿಗೆ ನಿಂತವರಲ್ಲಿ ಸೇರಿದ್ದಾರೆ.

ಇನ್ನೂರೂ ಇಲ್ಲದ ಹಿಂಡಿಗೆ ಬಲೆ ಹಾಕಿ, ಹಿಡಿದು, ಅಳತೆ ತೆಗೆಯುವುದು ಸಣ್ಣ ತೊಂದರೆಯಲ್ಲ. ದನಿ ಉಪಯೋಗಕ್ಕೆ ಬರುವುದು ಇಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ದಾಖಲೆಯಂತೆ ಕೋಲಾರ ಬಾವಲಿಯ ಕೂಗು ಸುಮಾರು 103ರಿಂದ 105 ಕಿಲೋಹರ್ಟ್ಸ್. ಅದೇ ಹನುಮನಹಳ್ಳಿಯಲ್ಲಿ ಸಿಗುವ ದುರ್ಗಾದಾಸ್ ಎಲೆಮೂಗಿನ ಬಾವಲಿಯದು 168ರಿಂದ 175. ಕತ್ತಲಲ್ಲಿ ಹಾದುಹೋದ ಎಲೆಮೂಗಿನವುಗಳಲ್ಲಿ ಯಾವುದು ಯಾವುದೆಂದು ಕಣ್ಣು ಹೇಳಲಾರದು; ದನಿ ದಾಖಲಿಸುವ ಯಂತ್ರದ ಪರದೆಯ ಮೇಲೆ ಮೂಡುವ ಗೆರೆ ಹೇಳುತ್ತದೆ. ಕೂಗಿನ ಬಹುಪಾಲು ಒಂದೇ ಎತ್ತರದ ಅಡ್ಡಗೆರೆ, ಕೊನೆಗೆ ಕೆಳಕ್ಕೆ ಜಾರಿದ ಚಿಕ್ಕ ಬಾಲ.

ಕೂಗು ಇಷ್ಟೇಕೆ ತೀಕ್ಷ್ಣ? 104 ಕಿಲೋಹರ್ಟ್ಸ್ ಅಲೆಯ ಉದ್ದ ಮೂರು ಮಿಲಿಮೀಟರಿಗೆ ತುಸು ಹೆಚ್ಚು. ಸೊಳ್ಳೆಯಂಥ ಸಣ್ಣ ಜೀವಿಯಿಂದಲೂ ಪ್ರತಿಧ್ವನಿ ಬರಬೇಕಾದರೆ ಅಲೆ ಅಷ್ಟು ಚಿಕ್ಕದಿರಬೇಕು. ಆದರೆ ಇಂಥ ದನಿಯನ್ನು ಗಾಳಿ ಬೇಗ ನುಂಗಿಬಿಡುತ್ತದೆ. ಕೆಲವು ಮೀಟರ್ ಆಚೆ ಹಾರಿದ ಬಾವಲಿ ಯಂತ್ರದ ಮಟ್ಟಿಗೆ ಇಲ್ಲದಂತೆಯೇ. ಯಂತ್ರದ ಮೌನವನ್ನು ನಂಬಿ 'ಇಲ್ಲಿ ಬಾವಲಿ ಇಲ್ಲ, ಕಲ್ಲು ಒಡೆಯಬಹುದು' ಎಂದು ವರದಿ ಬರೆಯುವುದು ನನ್ನ ಮಟ್ಟಿಗೆ ವಿಜ್ಞಾನವಲ್ಲ, ಸೋಗು. ಎಣಿಕೆಗೂ ದನಿಯೊಂದೇ ಸಾಲದು: ಒಂದೇ ಬಾವಲಿ ಹತ್ತು ಸಲ ಹಾದರೆ ಹತ್ತು ಕೂಗು ದಾಖಲಾಗುತ್ತವೆ. ಸಂಜೆ ಗುಹೆಯ ಬಾಯಲ್ಲಿ ಕೂತು ಹೊರಬರುವವನ್ನು ಎಣಿಸುವ ಕೆಲಸ ತಪ್ಪಿದ್ದಲ್ಲ.

ಹಾಗಾದರೆ ದನಿಯ ದೊಡ್ಡ ಉಪಯೋಗ ಯಾವುದು? ಕೋಲಾರದ ಬಾವಲಿಗೆ ಎರಡನೆಯ ಗುಹೆ ಹುಡುಕುವುದು. ಒಂದೇ ಗುಹೆಯದೆಂದುಕೊಂಡ ಬಾವಲಿ ಬೇರೆಡೆ ಸಿಕ್ಕಿದ್ದುಂಟು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ತಳೇವಾಡಿ ಬಳಿ ಬಾರಾಪೇಡೆ ಗುಹೆ ಇದೆ. ಅಲ್ಲಿಯ ರೌಟನ್ ಬಾವಲಿಗೆ 1913ರಲ್ಲಿ ಹೆಸರಿಡಲಾಯಿತು. ಅದು ಆ ಗುಹೆಯೊಂದರಲ್ಲೇ ಇದೆ ಎಂದು ದಶಕಗಳ ಕಾಲ ನಂಬಿದ್ದೆವು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಅದರ ಕೂಗು 20 ಕಿಲೋಹರ್ಟ್ಸ್‌ಗಿಂತ ಕೆಳಗಿನದು, ಚುರುಕು ಕಿವಿಯವರಿಗೆ ಕೇಳಲೂ ಕೇಳೀತು; ತಗ್ಗು ದನಿಯಾದ್ದರಿಂದ ದೂರಕ್ಕೂ ಹೋಗುತ್ತದೆ. ಕೋಲಾರದ ಬಾವಲಿಗೆ ಆ ಅನುಕೂಲವಿಲ್ಲ. ಅದನ್ನು ಹುಡುಕುವವರು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ, ಬಂಡೆಯ ಸಂದಿಗೇ ಯಂತ್ರ ಇಡಬೇಕು. ಇಸ್ಪೀಟಿನ ಎಲೆಯಷ್ಟಗಲದ ಆಡಿಯೋಮಾತ್ ಎಂಬ ಯಂತ್ರ ಸೆಕೆಂಡಿಗೆ 3,84,000 ಸಲ ದನಿಯನ್ನು ಅಳೆಯುತ್ತದೆ, ದುರ್ಗಾದಾಸ್ ಬಾವಲಿಯ ಕೂಗಿಗೂ ಅದು ಸಾಕು.

ಪಶ್ಚಿಮಘಟ್ಟದ ಕುದುರೆಲಾಳದ ಬಾವಲಿಗಳು ಇನ್ನೊಂದು ಪಾಠ ಕಲಿಸಿವೆ. ದಕ್ಷಿಣ ಭಾರತದಲ್ಲಿ ಒಂದೇ ಜಾತಿ ಎಂದುಕೊಂಡಿದ್ದವು ಎರಡು ಬೇರೆ ಸ್ಥಾಯಿಯಲ್ಲಿ ಕೂಗುತ್ತಿದ್ದವು. ವಂಶವಾಹಿ ನೋಡಿದರೆ ಅವು ಎರಡು ಜಾತಿ. ಹಾಗಾಗಿ ಮಲೆನಾಡಿನ ಪಾಳುಮನೆ, ಬಿಲ, ಗುಹೆಗಳ ದನಿಯನ್ನು ಇಲ್ಲೇ ದಾಖಲಿಸಬೇಕು. ಬೇರೆ ದೇಶದ ಪಟ್ಟಿ ಇಟ್ಟುಕೊಂಡು ಇಲ್ಲಿಯವಕ್ಕೆ ಹೆಸರಿಟ್ಟರೆ ಎಡವುತ್ತೇವೆ.

ಅಟ್ಟದಲ್ಲೋ ತೋಟದಾಚೆಯ ಬಂಡೆಯಲ್ಲೋ ಬಾವಲಿ ಇದ್ದರೆ ದಯವಿಟ್ಟು ಹೊಗೆ ಹಾಕಬೇಡಿ. ಮರಿ ಇರುವ ಕಾಲದಲ್ಲಿ ಟಾರ್ಚ್ ಹಿಡಿದು ಗುಂಪು ಕಟ್ಟಿ ನುಗ್ಗಬೇಡಿ. ಕೋಲಾರದ ಬಾವಲಿಗಂತೂ ಓಡಿಹೋಗಲು ಇನ್ನೊಂದು ಮನೆ ಇದುವರೆಗೆ ಪತ್ತೆಯಾಗಿಲ್ಲ.