ಬೆನ್ನ ಮೇಲಿನ ಸೂರು

ಗುಡಾರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದೊಡ್ಡ ಚಿತ್ರ. ಜಾತ್ರೆಯ ನಾಟಕ ಕಂಪನಿ, ಸರ್ಕಸ್ಸು, ಟೂರಿಂಗ್ ಟಾಕೀಸು. ಇನ್ನೂ ಹಿಂದೆ ಹೋದರೆ ದಂಡಿನ ಪಾಳೆಯ. ಅಕ್ಬರನ ಪಾಳೆಯವೊಂದನ್ನು ಸಾಗಿಸಲು 100 ಆನೆ, 500 ಒಂಟೆ, 400 ಗಾಡಿ ಬೇಕಾಗುತ್ತಿದ್ದವೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಲೆಕ್ಕ ಬರೆದಿಟ್ಟಿದ್ದಾನೆ. ಗುಡಾರ ಎಷ್ಟು ದೊಡ್ಡದೋ ಒಡೆಯನೂ ಅಷ್ಟು ದೊಡ್ಡವನೆನ್ನುವ ಕಾಲ ಅದು.

ಇಂದು ಒಬ್ಬಂಟಿಯಾಗಿ ಬೆಟ್ಟಕ್ಕೆ ಹೊರಟ ಚಾರಣಿಗನ ಲೆಕ್ಕ ಇದಕ್ಕೆ ತೀರ ವಿರುದ್ಧ. ಅವನಿಗೆ ಆನೆಯೂ ತಾನೇ, ಒಂಟೆಯೂ ತಾನೇ. ಒಬ್ಬರೇ ಹೊತ್ತು, ಒಬ್ಬರೇ ಕಟ್ಟಿ, ಒಬ್ಬರೇ ಮಲಗುವ ಗುಡಾರ ಈಗ ಒಂದು ಕಿಲೋಗಿಂತ ಹಗುರವಾಗಿ ದೊರೆಯುತ್ತದೆ. ಅರ್ಧ ಕಿಲೋ ತೂಗುವುದೂ ಉಂಟು. ಕೊಳ್ಳುವವರು ಮೊದಲು ಕೇಳುವುದೇ ತೂಕ ಎಷ್ಟೆಂದು. ಆದರೆ ಈ ತೂಕ ಹೇಗೆ ಇಳಿಯಿತು, ಇಳಿಯುವಾಗ ಏನನ್ನು ಬಿಟ್ಟುಕೊಟ್ಟಿತು ಎಂದು ವಿಚಾರಿಸಿದರೆ, ತಕ್ಕಡಿಯ ಮಾತನ್ನು ಎಷ್ಟು ನಂಬಬೇಕೆಂಬುದು ತಿಳಿಯುತ್ತದೆ. ಬೆನ್ನಿನಿಂದ ಇಳಿಸಿದ ಭಾರವನ್ನು ತಲೆ ಹೊರಬೇಕಾಗುತ್ತದೆ ಎಂಬುದೇ ಈ ಕಥೆಯ ಸಾರ.

ಗಾಳಿ ಕಲಿಸಿದ ಪಾಠ

ಆಲ್ಪ್ಸ್ ಪರ್ವತಗಳ ಮ್ಯಾಟರ್‌ಹಾರ್ನ್ ಶಿಖರವನ್ನು 1865ರಲ್ಲಿ ಮೊಟ್ಟಮೊದಲು ಏರಿದ ತಂಡದ ನಾಯಕ ಎಡ್ವರ್ಡ್ ವಿಂಪರ್ ಲಂಡನ್ನಿನವನು. ಪುಸ್ತಕದ ಚಿತ್ರಗಳಿಗೆ ಮರದಚ್ಚು ಕೊರೆಯುವುದು ಅವನ ಕಸುಬು. ಅದಕ್ಕೆ ನಾಲ್ಕು ವರ್ಷ ಮೊದಲು, 1861ರಲ್ಲಿ, ಅವನು ಅದೇ ಬೆಟ್ಟಕ್ಕೆ ಒಂದು ಹಗುರ ಗುಡಾರ ಒಯ್ದಿದ್ದ. ತೆಳು ಕ್ಯಾನ್ವಾಸಿನ ಬಟ್ಟೆ, ತೆರೆದಿಟ್ಟ ಪುಸ್ತಕವನ್ನು ಬೋರಲು ಹಾಕಿದಂಥ ಆಕಾರ. ಕಂಬದ ಭಾರ ಏಕೆಂದು, ಬೆಟ್ಟ ಹತ್ತುವಾಗ ಹಿಡಿಯುವ ಎರಡು ಊರುಗೋಲುಗಳನ್ನೇ ಕಂಬವಾಗಿ ನಿಲ್ಲಿಸುವ ಉಪಾಯ. ಲಂಡನ್ನಿನಲ್ಲಿ ಅದು ಚೆನ್ನಾಗಿಯೇ ಕಂಡಿತ್ತು. ಬೆಟ್ಟದ ಕಣಿವೆಬಾಯಿಯಲ್ಲಿ ಗಾಳಿ ನುಗ್ಗಿದಾಗ ಗೂಟ ನಿಲ್ಲಲಿಲ್ಲ, ಸೆರಗು ಹಾರಿತು. ಕೊನೆಗೆ ಗುಡಾರವನ್ನು ಬಿಚ್ಚಿ ಅದರ ಮೇಲೆಯೇ ಕುಳಿತುಕೊಳ್ಳಬೇಕಾಯಿತು.

ಪಾಠ ಕಲಿತ ವಿಂಪರ್ ಮುಂದಿನ ವರ್ಷ ಹೊಸದನ್ನು ಮಾಡಿಸಿದ. ಎರಡೂ ತುದಿಯಲ್ಲಿ ಕತ್ತರಿಯಂತೆ ನಿಲ್ಲುವ ಗಟ್ಟಿ ಮರದ ನಾಲ್ಕು ಕೋಲು, ಹತ್ತಿ ಬಟ್ಟೆಯ ಮೈ, ಅದಕ್ಕೆ ಸೇರಿಸಿ ಹೊಲಿದ ರಬ್ಬರು ಲೇಪದ ನೆಲಹಾಸು. ನಾಲ್ವರಿಗೆ ಜಾಗ, ಸುಮಾರು 10 ಕಿಲೋ ತೂಕ. ಗಾಳಿಗೆ ಜಗ್ಗದ ಈ ಗುಡಾರ ಮುಂದೆ ಹಲವು ದಶಕಗಳ ಕಾಲ ಪರ್ವತಾರೋಹಿಗಳ ಮಾದರಿಯಾಯಿತು. ಒಂದು ಮಾತು ಮರೆಯುವಂತಿಲ್ಲ: ಅದನ್ನು ಬೆಟ್ಟಕ್ಕೆ ಹೊತ್ತವನು ಲ್ಯುಕ್ ಮೇನೆ ಎಂಬ ಗೂನು ಬೆನ್ನಿನ ಬಡ ಹಳ್ಳಿಗ. ಗುಡಾರ ಹಗುರವೋ ಭಾರವೋ ಎಂಬ ಪ್ರಶ್ನೆಗೆ ಒಡೆಯನ ಉತ್ತರ ಒಂದು, ಹೊರುವವನ ಉತ್ತರ ಇನ್ನೊಂದು.

ಹೊರುವವನೂ ಮಲಗುವವನೂ ಒಬ್ಬನೇ ಆದಾಗ ಗುಡಾರ ನಿಜವಾಗಿ ಹಗುರವಾಗತೊಡಗಿತು. ಆಲ್ಬರ್ಟ್ ಮಮ್ಮರಿ ಎಂಬ ಆರೋಹಿ ರೇಷ್ಮೆಯ ಗುಡಾರವನ್ನು ಹಿಮಗೊಡಲಿಗಳ ಮೇಲೆ ನಿಲ್ಲಿಸಿದ. ಇವನು 1895ರಲ್ಲಿ ಹಿಮಾಲಯದ ನಂಗಾ ಪರ್ಬತದಲ್ಲಿ ಕಣ್ಮರೆಯಾದ. ಲಂಡನ್ನಿನ ಥಾಮಸ್ ಹೈರಾಮ್ ಹೋಲ್ಡಿಂಗ್ ವೃತ್ತಿಯಲ್ಲಿ ದರ್ಜಿ. ಸೈಕಲ್ಲಿಗೆ ಕಟ್ಟಿ ಒಯ್ಯಬಹುದಾದ ಗುಡಾರಗಳನ್ನು ಅವನು ರೂಪಿಸಿದ. 1901ರಲ್ಲಿ ಸೈಕಲ್ ಶಿಬಿರಗಾರರ ಸಂಘ ಕಟ್ಟಿದ. 1908ರಲ್ಲಿ ಶಿಬಿರವಾಸದ ಕೈಪಿಡಿ ಬರೆದ. ಸಾಮಾನ್ಯ ನೌಕರನೂ ರಜೆಯ ಎರಡು ದಿನ ತನ್ನ ಸೂರನ್ನು ತಾನೇ ಹೊತ್ತು ಹೊರಡಬಹುದೆಂಬ ಯೋಚನೆ ಬೇರೂರಿದ್ದು ಇಂಥವರಿಂದ.

ಸ್ನಾನದ ಮನೆಯ ಪರದೆ

ಹಗುರವಾಗಿ ನಡೆದವರಲ್ಲಿ ಎಲ್ಲರಿಗಿಂತ ವಿಶಿಷ್ಟಳು ಅಮೆರಿಕದ ಎಮ್ಮಾ ಗೇಟ್‌ವುಡ್. ಹನ್ನೊಂದು ಮಕ್ಕಳ ತಾಯಿ, 67ರ ಅಜ್ಜಿ. 1955ರ ಮೇ ತಿಂಗಳಲ್ಲಿ ಜಾರ್ಜಿಯಾ ರಾಜ್ಯದಿಂದ ಹೊರಟು ಅಪಲೇಚಿಯನ್ ಬೆಟ್ಟಸಾಲಿನ ಸುಮಾರು 3,300 ಕಿಲೋಮೀಟರ್ ಹಾದಿಯನ್ನು ಒಬ್ಬಳೇ ನಡೆದು ಸೆಪ್ಟೆಂಬರಿನಲ್ಲಿ ಮುಗಿಸಿದಳು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾನೇ ಹೊಲಿದ ಬಟ್ಟೆಯ ಚೀಲ. ಗುಡಾರವೇ ಇಲ್ಲ, ಇದ್ದದ್ದು ಒಂದು ಕಂಬಳಿ ಮತ್ತು ಸ್ನಾನದ ಮನೆಗೆ ಇಳಿಬಿಡುವ ಪ್ಲಾಸ್ಟಿಕ್ ಪರದೆ.

ಈ ಪರದೆಯ ಕಥೆಯನ್ನು ಇಂದಿನ ಹಗುರ ಚಾರಣದ ಪ್ರಿಯರು ಹೆಮ್ಮೆಯಿಂದ ಹೇಳುತ್ತಾರೆ. ಅದರ ಹಿಂದಿನದನ್ನು ಹೇಳುವುದು ಕಡಿಮೆ. ಆಕೆ ಜೀವನವಿಡೀ ಹೊಲದಲ್ಲಿ ದುಡಿದವಳು. 1954ರಲ್ಲಿ ಮೇಯ್ನ್ ರಾಜ್ಯದಲ್ಲಿ ಇದೇ ಹಾದಿ ಹಿಡಿದು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಹಿಂತಿರುಗಿದ್ದವಳು. ಮಳೆ ಜೋರಾದರೆ ಹಾದಿಬದಿಯ ತಂಗುದಾಣವನ್ನೋ ಯಾರದೋ ಮನೆಯ ಜಗಲಿಯನ್ನೋ ಹುಡುಕುತ್ತಿದ್ದಳು. ಪರದೆ ಸಾಕಾಗಿದ್ದು ಆಕೆಗೆ ಇಷ್ಟೆಲ್ಲ ಗೊತ್ತಿದ್ದುದರಿಂದ.

ಮುಂದೆ ರೇ ಜಾರ್ಡಿನ್ ಎಂಬ ಎಂಜಿನಿಯರು ಇದನ್ನೇ ಶಾಸ್ತ್ರವಾಗಿಸಿದ. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಗೆ ಹೋಗುವ ಹಾದಿಯನ್ನು ಕುರಿತು 1992ರಲ್ಲಿ ಹೊರಬಂದ ಅವನ ಕೈಪಿಡಿ, ಹೊರೆ ಇಳಿಸುವ ಮಾತನ್ನು ಅಮೆರಿಕದ ಚಾರಣಿಗರಲ್ಲಿ ಹರಡಿತು. ಗುಡಾರ ಬಿಟ್ಟು ಸ್ವತಃ ಹೊಲಿದ ಟಾರ್ಪಾಲಿನಡಿ ಮಲಗಿರೆಂಬುದು ಅವನ ಬೋಧೆ. ಅದೇ 1992ರಲ್ಲಿ ‘ಅಮೆರಿಕ ಕ್ಯೂಬ್ಡ್’ ಎಂಬ ಹಾಯಿದೋಣಿ ಅಮೆರಿಕ ಕಪ್ ಪಂದ್ಯ ಗೆದ್ದಿತು. ಅದರ ಹಾಯಿಗೆ ಬಳಸಿದ ಬಟ್ಟೆ ಕ್ಯೂಬೆನ್ ಫೈಬರ್ ಎಂಬ ಹೆಸರಿನಿಂದ ಚಾರಣಿಗರ ಗುಡಾರಕ್ಕೂ ಬಂತು. ಇಂದು ಅದರ ಹೆಸರು ಡೈನೀಮಾ. ಚದರ ಮೀಟರಿಗೆ 20 ಗ್ರಾಂ ಆಸುಪಾಸು. ಸಿಲಿಕೋನ್ ಲೇಪದ ನೈಲಾನಿನ ಅರ್ಧಕ್ಕಿಂತ ಕಡಿಮೆ.

ಕೊಪ್ಪೆಯೂ ಪ್ಲಾಸ್ಟಿಕ್ಕೂ

ಒಬ್ಬರಿಗೆ ಸಾಕಾಗುವ ಸೂರು ನಮ್ಮ ನಾಡಿಗೆ ಹೊಸತಲ್ಲ. ಮಲೆನಾಡಿನ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರ ತಲೆ ಬೆನ್ನುಗಳನ್ನು ಕಾಯುತ್ತಿದ್ದ ಗೊರಬು ಅಂಥದೇ. ಬಯಲುಸೀಮೆಯ ಕುರಿಗಾಹಿಯ ಕಂಬಳಿಯಂತೂ ಹಗಲು ಕೊಪ್ಪೆ, ರಾತ್ರಿ ಹಾಸಿಗೆ, ಹೊದಿಕೆ, ಗುಡಾರ ಎಲ್ಲವೂ. ಹುಣಸೆಬೀಜದ ಗಂಜಿ ಕುಡಿದ ಒರಟು ಉಣ್ಣೆಯ ಮೇಲಿಂದ ಸಣ್ಣ ಮಳೆ ಜಾರಿಹೋಗುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಶೇಕಡ 30ರಷ್ಟು ತೇವ ಹೀರಿಯೂ ಕೈಗೆ ಒದ್ದೆಯೆನಿಸದು. ಆದರೆ ನೆನೆದ ಕಂಬಳಿ ಹೊರುವುದು ಕುರಿಗಾಹಿಗೇ ಕಷ್ಟ.

ಗೊರಬಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಾಗ ಹೊರೆ ಇಳಿಯಿತು, ಬೆವರು ಬಂತು. ಒಂದು ಹನಿ ಮಳೆ ಒಳಗೆ ಇಳಿಯದಿದ್ದರೂ ಅಂಗಿ ಒದ್ದೆ. ನೀರನ್ನು ಹೊರಗೆ ತಡೆಯುವ ಹಾಳೆ ಆವಿಯನ್ನು ಒಳಗೆ ಹಿಡಿದಿಡುತ್ತದೆ. ಹಗುರ ಗುಡಾರದ ಮುಖ್ಯ ತೊಡಕೂ ಇದೇ.

ಮಲಗಿದ ಮನುಷ್ಯನ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಗೆ ಸುಮಾರು ಒಂದು ಲೋಟ ನೀರು ಆವಿಯಾಗಿ ಹೊರಬರುತ್ತದೆ. ಗುಡಾರದ ಬಟ್ಟೆ ತಣ್ಣಗಿದ್ದರೆ ಆ ಆವಿ ಅಲ್ಲಿ ಹನಿಗಟ್ಟುತ್ತದೆ. ಬಟ್ಟೆ ತಣ್ಣಗಾಗುವುದೇಕೆ? ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ ಇಬ್ಬನಿಯ ಬಗೆಗೆ 1814ರಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ ಉತ್ತರವಿದೆ. ಇಬ್ಬನಿ ಆಕಾಶದಿಂದ ಬೀಳುವುದಲ್ಲ. ತೆರೆದ ಆಕಾಶಕ್ಕೆ ಮುಖ ಮಾಡಿದ ವಸ್ತು ತನ್ನ ಶಾಖವನ್ನು ಅತ್ತ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ಅದರ ಮೇಲೆ ನೀರು ಕೂರುತ್ತದೆ. ಹಾಗಾಗಿ ಮರದ ಕೆಳಗಿನ ಗುಡಾರ ಬಯಲಿನದಕ್ಕಿಂತ ಒಣಗಿರುತ್ತದೆ. ಹೊಳೆಯ ದಂಡೆ, ತಂಪು ಗಾಳಿ ಬಂದು ತಂಗುವ ತಗ್ಗು ನೋಡಲು ಎಷ್ಟು ಚೆಂದವೋ ಮಲಗಲು ಅಷ್ಟೇ ಕೆಟ್ಟವು. ಜಾಗ ಆರಿಸುವ ಈ ತಿಳಿವಳಿಕೆಗೆ ತೂಕವೂ ಇಲ್ಲ, ಬೆಲೆಯೂ ಇಲ್ಲ.

ಯಾವುದು ಯಾರಿಗೆ?

ಒಂಟಿ ಸೂರುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ನೋಡಬಹುದು. ಮೊದಲನೆಯದು ಎರಡು ಪದರದ ಗುಡಾರ. ಒಳಗೆ ಜಾಲರಿಯ ಕೋಣೆ, ಹೊರಗೆ ಮಳೆಯ ಹೊದಿಕೆ, ಬಾಗುವ ಅಲ್ಯೂಮಿನಿಯಂ ಕೋಲು. ತೂಕ ಒಂದರಿಂದ ಒಂದೂವರೆ ಕಿಲೋ. ಹನಿ ಹೊರಪದರದಲ್ಲಿ ಕಟ್ಟುತ್ತದೆ, ಮೈಗೆ ತಾಕುವುದಿಲ್ಲ. ಹೊಸಬರ ತಪ್ಪುಗಳನ್ನು ಇದು ಬಹುಮಟ್ಟಿಗೆ ಕ್ಷಮಿಸುತ್ತದೆ.

ಎರಡನೆಯದು ಒಂದೇ ಪದರದ, ಊರುಗೋಲಿನ ಮೇಲೆ ನಿಲ್ಲುವ ಗುಡಾರ. 500ರಿಂದ 900 ಗ್ರಾಂ. ವಿಂಪರನ 1861ರ ಉಪಾಯ ಹೊಸ ಬಟ್ಟೆಯಲ್ಲಿ ಮರಳಿ ಬಂದಂತೆ. ಬಟ್ಟೆ ಗಟ್ಟಿಯಾಗಿದೆ, ಕತ್ತರಿಸುವ ಲೆಕ್ಕಾಚಾರ ನುರಿತಿದೆ. ಆದರೂ ಅದರ ಜೀವ ಗೂಟದಲ್ಲಿದೆ. ಕಲ್ಲುನೆಲದಲ್ಲಿ ಗೂಟ ಇಳಿಯದಿದ್ದರೆ ಬಂಡೆಗೆ ಹಗ್ಗ ಬಿಗಿಯುವುದು ಗೊತ್ತಿರಬೇಕು. ನೈಲಾನು ನೆನೆದರೆ ಹಿಗ್ಗುತ್ತದೆ, ಮಲಗುವ ಮುನ್ನ ಎದ್ದು ಮತ್ತೊಮ್ಮೆ ಬಿಗಿಮಾಡಬೇಕು. ಪಾಲಿಯೆಸ್ಟರಿಗೂ ಡೈನೀಮಾಕ್ಕೂ ಆ ಕಾಟ ಕಡಿಮೆ. ಮೂರನೆಯದು ಬರೀ ಟಾರ್ಪಾಲು. 200ರಿಂದ 400 ಗ್ರಾಂ. ಗಾಳಿಯಾಡುತ್ತದೆ, ಹನಿ ಕಟ್ಟುವುದು ಕಡಿಮೆ, ನೆಲವಿಲ್ಲ, ಜಾಲರಿಯಿಲ್ಲ. ಗಾಳಿ ದಿಕ್ಕು ಬದಲಿಸಿದರೆ ಎದ್ದು ಕಟ್ಟುವ ಬಗೆಯನ್ನೂ ಬದಲಿಸಬೇಕು. ನಾಲ್ಕನೆಯದು ತೂಗುಮಂಚ. ಒದ್ದೆ ನೆಲ, ಓರೆ ನೆಲದ ಚಿಂತೆಯಿಲ್ಲ. ಆದರೆ ಬೆನ್ನ ಕೆಳಗೆ ಗಾಳಿ ಹರಿದು ಚಳಿ ಕೊರೆಯುತ್ತದೆ. ಮರವಿಲ್ಲದ ಎತ್ತರದಲ್ಲಿ ಅದು ಬರೀ ಬಟ್ಟೆ.

ನಮ್ಮ ಸಹ್ಯಾದ್ರಿಯಲ್ಲಿ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಮಳೆಗಾಲದಲ್ಲಿ ಎಷ್ಟು ಕಿಟಕಿ ತೆರೆದರೂ ಹನಿ ತಪ್ಪದು, ಇಂಬಳದ ಕಾಟ ಬೇರೆ. ಇಲ್ಲಿಗೆ ಹೊಲಿದು ಸೇರಿಸಿದ ನೆಲಹಾಸು, ಜಾಲರಿ ಇರುವ ಎರಡು ಪದರದ ಗುಡಾರವೇ ಮೇಲು. ಅರಣ್ಯ ಇಲಾಖೆಯ ಅನುಮತಿ ಅದಕ್ಕಿಂತ ಮೊದಲು ಬೇಕು. ಲಡಾಖಿನ ಒಣ ಹವೆಯಲ್ಲಿ ಒಂದೇ ಪದರ ಸಾಕಾದೀತು, ಆದರೆ ಗಾಳಿಗೆ ಅಡ್ಡ ಇರುವುದಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಗುಡಾರದ ಕಿರಿದಾದ ತುದಿಯನ್ನು ಗಾಳಿಗೆ ಒಡ್ಡಬೇಕು, ಬೆಟ್ಟದ ಏಣಿನ ಮೇಲೆ ಕಟ್ಟಬಾರದು.

ಕೊಳ್ಳುವಾಗ ಅಳತೆಯನ್ನೂ ಸರಿಯಾಗಿ ನೋಡಬೇಕು. ಆರಡಿ ಎತ್ತರದವರಿಗೆ ಆರಡಿಯ ಗುಡಾರ ಸಾಲದು. ಓರೆಯಾಗಿ ಇಳಿಯುವ ತುದಿಗಳು ಸ್ಲೀಪಿಂಗ್ ಬ್ಯಾಗಿನ ತಲೆಗೂ ಕಾಲಿಗೂ ತಾಗಿ ಒದ್ದೆ ಮಾಡುತ್ತವೆ. ಬಾತುಕೋಳಿಯ ಪುಕ್ಕ ತುಂಬಿದ ಬ್ಯಾಗು ನೆನೆದರೆ ಬೆಚ್ಚಗಿಡುವುದಿಲ್ಲ. ಒಂದಡಿ ಹೆಚ್ಚಿರಲಿ. ಎದ್ದು ಕುಳಿತರೆ ತಲೆ ತಾಗದಿರಲಿ. ಬಟ್ಟೆಯ ಮೇಲೆ ಬರೆದಿರುವ 1,500, 3,000 ಎಂಬ ಮಿಲಿಮೀಟರುಗಳು, ಅಷ್ಟು ಎತ್ತರದ ನೀರಿನ ಕಂಬವನ್ನು ಆ ಬಟ್ಟೆ ಸೋರದೆ ತಡೆಯುತ್ತದೆ ಎಂಬುದರ ಗುರುತು. ಮಂಡಿಯೂರಿದಾಗ ಒತ್ತಡ ಬೀಳುವ ನೆಲಹಾಸಿಗೆ ಈ ಅಂಕಿ ಹೆಚ್ಚಿರಬೇಕು. ಇನ್ನು ಒಂಟಿ ಗುಡಾರಕ್ಕೆ ಎಂಟು ಚದರ ಮೀಟರ್ ಬಟ್ಟೆ ಎಂದಿಟ್ಟುಕೊಂಡರೆ, ದುಬಾರಿ ಡೈನೀಮಾ ಉಳಿಸುವುದು ಸುಮಾರು 200 ಗ್ರಾಂ. ಅದು ಒಂದು ಲೋಟ ನೀರಿನ ತೂಕ.

ಒಬ್ಬರೇ ಇದ್ದಾಗ

ಪ್ರಾಣಕ್ಕೆ ಎರವಾಗುವುದು ಹಿಮವೊಂದೇ ಅಲ್ಲ. ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲದಿದ್ದರೂ ಮಳೆ, ಗಾಳಿ ಮತ್ತು ದಣಿವು ಕೂಡಿದರೆ ಮೈಯ ಶಾಖ ಕುಸಿಯುತ್ತದೆ. ವೈದ್ಯರು ಹೈಪೋಥರ್ಮಿಯಾ ಎನ್ನುವ ಈ ಸ್ಥಿತಿಯಲ್ಲಿ ಬೆರಳು ಮರಗಟ್ಟುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಜೊತೆಗಾರರಿದ್ದರೆ ಗುರುತಿಸುತ್ತಾರೆ. ಒಬ್ಬಂಟಿಗೆ ತಾನು ಮಂಕಾಗಿದ್ದೇನೆಂದು ಹೇಳುವವರಿಲ್ಲ. ಆ ಮಂಕಿನಲ್ಲೇ, ಆ ಬೆರಳುಗಳಿಂದಲೇ ಗುಡಾರ ಕಟ್ಟಬೇಕು. ಆದ್ದರಿಂದ ಒಂಟಿ ಚಾರಣಿಗ ಗುಡಾರದ ಬಗೆಗೆ ಕೇಳಬೇಕಾದ ಮೊದಲ ಪ್ರಶ್ನೆ ಅದು ಎಷ್ಟು ಗ್ರಾಂ ಎಂಬುದಲ್ಲ. ಕತ್ತಲಲ್ಲಿ, ಗಾಳಿಯಲ್ಲಿ, ಮರಗಟ್ಟಿದ ಕೈಯಲ್ಲಿ ಇದನ್ನು ನಾನೊಬ್ಬನೇ ನಿಲ್ಲಿಸಬಲ್ಲೆನೇ ಎಂಬುದು.

ಈ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗದು. ಗುಡಾರ ಕೊಂಡವರು ಮಳೆ ಹಿಡಿದ ಒಂದು ರಾತ್ರಿ, ದೀಪವಾರಿಸಿ, ಯಾರ ನೆರವನ್ನೂ ಕೇಳದೆ ಮನೆಯ ಹಿತ್ತಲಿನಲ್ಲೋ ಊರ ಹತ್ತಿರದ ತೋಟದಲ್ಲೋ ಅದನ್ನು ಕಟ್ಟಿ ಬೆಳಗಿನವರೆಗೆ ಮಲಗಿ ನೋಡಲಿ. ಯಾವ ಗೂಟ ಕಿತ್ತುಬರುತ್ತದೆ, ನೀರು ಎಲ್ಲಿ ಇಳಿಯುತ್ತದೆ ಎಂಬುದು ತಿಳಿಯುತ್ತದೆ. ಅಲ್ಲಿ ನೆನೆದರೆ ಬಾಗಿಲು ಹತ್ತು ಹೆಜ್ಜೆ ದೂರ. ಬೆಟ್ಟದ ಮೇಲೆ ಬಾಗಿಲಿರುವುದಿಲ್ಲ.