ಕಾಲಚೀಲದ ಗೊಂಬೆಗೆ ದಾರದ ಕಣ್ಣು



ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಒಂಟಿ ಸಾಕ್ಸ್ ಇದ್ದೇ ಇರುತ್ತದೆ. ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. 2015-16ನೇ ಸಾಲಿನಿಂದ ರಾಜ್ಯ ಸರ್ಕಾರ ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಕೊಡಲು ಸುರು ಮಾಡಿತು. ಅಲ್ಲಿಂದ ನಮ್ಮ ಅಡರಕಟ್ಟಿಯಂಥ ಊರಲ್ಲೂ ಮನೆಮನೆಗೆ ಸಾಕ್ಸ್ ಬಂದವು. ನಮ್ಮ ಕಾಲಕ್ಕೆ ಬರಿಗಾಲೇ ಗತಿ, ಆ ಮಾತು ಬೇರೆ. ವರ್ಷ ತುಂಬುವುದರೊಳಗೆ ಹೆಬ್ಬೆರಳಿನ ಹತ್ತಿರ ತೂತು, ಹಿಮ್ಮಡದಲ್ಲಿ ಸವೆತ, ಮೇಲಿನ ಎಲಾಸ್ಟಿಕ್ ಸಡಿಲ. ಮುಂದೆ ಅದು ಕೈ ಒರೆಸುವ ಅರಿವೆ, ಆಮೇಲೆ ತಿಪ್ಪೆಗೆ.

ಆ ಸಾಕ್ಸಿನಿಂದ ಗೊಂಬೆ ಮಾಡುವುದು ಹೇಗೆ ಎಂದು ಈ ಸಲ ಬರೆಯುತ್ತಿದ್ದೇವೆ. ಸೂಜಿ, ದಾರ, ಕತ್ತರಿ ಇದ್ದರೆ ಸಾಕು, ಹೊಲಿಗೆ ಯಂತ್ರ ಬೇಕಿಲ್ಲ. ಆದರೆ ಮಾಡುವ ರೀತಿಗಿಂತ ಮೊದಲು ನಮ್ಮಿಂದ ಆದ ಒಂದು ತಪ್ಪನ್ನು ಹೇಳಬೇಕು.

ಮೊದಲ ಸಲ ನಾವು ಮಾಡಿದ ಗೊಂಬೆಗಳಿಗೆ ಅಂಗಿಯ ಗುಂಡಿಗಳನ್ನೇ ಕಣ್ಣು ಮಾಡಿ ಹಚ್ಚಿದ್ದೆವು. ಬಿಳೀ ಮುಖಕ್ಕೆ ಕರೀ ಗುಂಡಿ, ನೋಡಲು ಭಾಳ ಚಂದ. ವಾರದ ಸಭೆಯಲ್ಲಿ ಉಳಿತಾಯ ಎಣಿಸುತ್ತ ಕೂತಾಗ ಸದಸ್ಯೆಯೊಬ್ಬರ ಹತ್ತು ತಿಂಗಳ ಮೊಮ್ಮಗಳು ಅಳಲು ಸುರು ಮಾಡಿತು. ಸುಮ್ಮನಿರಲಿ ಎಂದು ಒಂದು ಗೊಂಬೆ ಕೈಗೆ ಕೊಟ್ಟೆವು. ಕೂಸು ಸುಮ್ಮನಾಯಿತು. ನಾವು ಲೆಕ್ಕದಲ್ಲಿ ಮುಳುಗಿದೆವು. ಸ್ವಲ್ಪ ಹೊತ್ತಿಗೆ ಕೂಸು ಕೆಮ್ಮಿತು, ಮತ್ತೆ ಕೆಮ್ಮಿತು, ಮುಖ ಕೆಂಪಗಾಯಿತು. ಪುಸ್ತಕ ಬರೆಯುವಾಕೆ ಪೆನ್ನು ಒಗೆದು ಎದ್ದಳು. ಗೊಂಬೆ ನೋಡಿದರೆ ಒಂದೇ ಕಣ್ಣು! ಕೂಸು ತಾನೇ ಜೋರಾಗಿ ಕೆಮ್ಮಿ ಗುಂಡಿಯನ್ನು ಹೊರಗೆ ಹಾಕಿತು, ನಮ್ಮ ಜೀವ ತಿರುಗಿ ಬಂತು. ಆ ಗುಂಡಿಯನ್ನು ಎರಡೇ ಸುತ್ತು ದಾರ ಹಾಕಿ ಹೊಲಿದವರು ಬೇರೆ ಯಾರೂ ಅಲ್ಲ, ನಾವೇ. ಅಂದಿನಿಂದ ನಮ್ಮ ಗೊಂಬೆಗಳಿಗೆ ಗುಂಡಿ ಇಲ್ಲ, ಮಣಿ ಇಲ್ಲ, ಗೆಜ್ಜೆ ಇಲ್ಲ, ಟಿಕಳಿಯೂ ಇಲ್ಲ. ಕಣ್ಣು ದಾರದ್ದೇ.

ಇಲ್ಲಿಯೇ ಒಂದು ಮಾತು ತಿಳಿದುಕೊಳ್ಳಿರಿ. ಕೂಸಿನ ಗಂಟಲಿಗೆ ಏನಾದರೂ ಸಿಕ್ಕಾಗ ಅದು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕಾಣದ ವಸ್ತುವಿಗೆ ಬಾಯಲ್ಲಿ ಬೆರಳು ಹಾಕಿ ತಡಕಾಡಬಾರದು, ಅದು ಇನ್ನೂ ಒಳಗೆ ಜಾರುತ್ತದೆ. ಕೆಮ್ಮು ನಿಂತು, ಅಳಲೂ ಆಗದೆ, ಉಸಿರು ಕಟ್ಟಿದರೆ ತಡ ಮಾಡಬಾರದು. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಬರುವಂತೆ ಹಿಡಿದು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಡಿಯಬೇಕು. ಹೊರಗೆ ಬಾರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಬೇಕು. ಹೀಗೆ ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನು ಹಚ್ಚಬೇಕು. ಆಶಾ ಕಾರ್ಯಕರ್ತೆ ಅಥವಾ ನರ್ಸಮ್ಮ ಸಭೆಗೆ ಬಂದಾಗ ಇದನ್ನು ಒಂದು ಸಲ ಕೈಯಿಂದ ಮಾಡಿ ತೋರಿಸಲು ಕೇಳಿರಿ. ಓದಿದ್ದು ಬೇರೆ, ಕಂಡದ್ದು ಬೇರೆ.

ಈಗ ಗೊಂಬೆಗೆ ಬರೋಣ. ಹಳೇ ಸಾಕ್ಸಿನಿಂದ ಗೊಂಬೆ ಮಾಡುವುದು ನಮ್ಮ ಕಡೆ ಹೊಸದು, ಆದರೆ ಲೋಕಕ್ಕೆ ಹಳೆಯದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಾಕ್‌ಫರ್ಡ್ ಎಂಬ ಊರಿದೆ. ಅಲ್ಲಿಯ ನೆಲ್ಸನ್ ನಿಟಿಂಗ್ ಕಂಪನಿ ಕೂಲಿಕಾರರು, ರೈತರು ಹಾಕುವ ದಪ್ಪ ಸಾಕ್ಸ್ ನೇಯುತ್ತಿತ್ತು. ತಮ್ಮ ಮಾಲು ಜನರಿಗೆ ಗುರುತು ಸಿಗಲೆಂದು 1932ರಲ್ಲಿ ಹಿಮ್ಮಡಕ್ಕೆ ಕೆಂಪು ಬಣ್ಣ ಕೊಟ್ಟರು. ಅದು ಅಲ್ಲಿ ಕೆಲಸ ಇಲ್ಲದೆ ಜನ ಕಂಗಾಲಾಗಿದ್ದ ಕಾಲ. ಮಕ್ಕಳಿಗೆ ಆಟಿಕೆ ಕೊಳ್ಳಲು ರೊಕ್ಕ ಇಲ್ಲದ ತಾಯಂದಿರು ಹರಿದ ಸಾಕ್ಸಿನಿಂದ ಮಂಗ ಮಾಡಿದರು. ಕೆಂಪು ಹಿಮ್ಮಡವೇ ಮಂಗನ ಬಾಯಿ. ಅದು ಎಷ್ಟು ಜನಪ್ರಿಯ ಆಯಿತೆಂದರೆ 1955ರಲ್ಲಿ ಆ ಮಂಗನ ಮಾದರಿಗೆ ಕಂಪನಿಯೇ ಪೇಟೆಂಟ್ ಪಡೆದು, ಮಾಡುವ ವಿಧಾನದ ಚೀಟಿಯನ್ನು ಸಾಕ್ಸಿನ ಜೊತೆಗೇ ಕೊಡತೊಡಗಿತು. ಮೊದಲು ಮಾಡಿದ ತಾಯಂದಿರ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ಕೌದಿ ಹೊಲಿದ ಆಯಿಗಳ ಹೆಸರು ಎಲ್ಲಿ ಬರೆದಿದೆ ಹೇಳ್ರಿ?

ಕೌದಿಯ ಮಾತು ಬಂತಲ್ಲ. ಹಳೇ ಸೀರೆ, ಧೋತರ ಸೇರಿಸಿ ಕೌದಿ ಹೊಲಿಯುವ ನಮ್ಮ ಕೈಗೆ ಈ ಗೊಂಬೆ ಕಷ್ಟವಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ಕೌದಿಗೆ ಹಾಕುವ ಉದ್ದುದ್ದನೆಯ ಓಡುವ ಹೊಲಿಗೆ ಇಲ್ಲಿ ನಡೆಯುವುದಿಲ್ಲ. ಸಾಕ್ಸ್ ಜಗ್ಗುತ್ತದೆ, ದಾರ ಜಗ್ಗುವುದಿಲ್ಲ. ಅರಳೆ ತುಂಬಿದ ಕೂಡಲೇ ಹೊಲಿಗೆಯ ಸಂದಿಯಿಂದ ಬಿಳಿ ಇಣುಕುತ್ತದೆ. ಆದ್ದರಿಂದ ಸೂಜಿಯನ್ನು ಒಂದು ಹೆಜ್ಜೆ ಮುಂದೆ ತೆಗೆದು, ಅರ್ಧ ಹೆಜ್ಜೆ ಹಿಂದಕ್ಕೆ ಚುಚ್ಚಿ ಹೊಲಿಯಬೇಕು. ಜೋಳದ ಕಾಳಿಗಿಂತ ದೊಡ್ಡ ಹೊಲಿಗೆ ಬೇಡ. ದಾರ ಎರಡೆಳೆ ಇರಲಿ.

ಮೊದಲು ಸಾಕ್ಸನ್ನು ಸಾಬೂನಿನಿಂದ ಒಗೆದು, ಬಿಸಿನೀರಲ್ಲಿ ನೆನೆಸಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿರಿ. ನಮ್ಮ ಎರೀ ಮಣ್ಣಿನ ಕಲೆ ಪೂರ್ತಿ ಹೋಗುವುದಿಲ್ಲ. ಹತ್ತಿ ಹೆಚ್ಚಿರುವ ಸಾಕ್ಸ್ ಆದರೆ ಚಹಾ ಪುಡಿ ಕುದಿಸಿದ ನೀರಲ್ಲಿ ಅದ್ದಿದಾಗ ಗೋಧಿ ಬಣ್ಣ ಬಂದು ಕಲೆ ಮುಚ್ಚುತ್ತದೆ. ಪಾಲಿಯೆಸ್ಟರ್ ಹೆಚ್ಚಿದ್ದರೆ ಬಣ್ಣ ಅಷ್ಟಾಗಿ ಹತ್ತುವುದಿಲ್ಲ, ಇದ್ದ ಹಾಗೇ ಇರಲಿ. ಹೋಳಿಯ ಬಣ್ಣ ಮಾತ್ರ ಬೇಡವೇ ಬೇಡ, ಕೂಸು ಚೀಪುತ್ತದೆ.

ಸಾಕ್ಸನ್ನು ಒಳಮಗ್ಗುಲು ಹೊರಗೆ ಮಾಡಿ, ಹಿಮ್ಮಡ ಮೇಲಕ್ಕೆ, ನಟ್ಟನಡುವೆ ಬರುವಂತೆ ನೆಲದ ಮೇಲೆ ಹಾಸಿರಿ. ಬೆರಳಿನ ಕಡೆ ತಲೆ, ಹಿಮ್ಮಡ ಅಂದರೆ ಗೊಂಬೆಯ ಕುಂಡಿ, ಎಲಾಸ್ಟಿಕ್ ಕಡೆ ಕಾಲು. ಹಿಮ್ಮಡ ಕುಂಡಿಯಾಗುವುದರಿಂದಲೇ ಈ ಗೊಂಬೆ ತಾನಾಗಿ ಕೂಡುತ್ತದೆ. ಎಲಾಸ್ಟಿಕ್ ಕಡೆಯಿಂದ ನಟ್ಟನಡುವೆ ಕತ್ತರಿಸುತ್ತ ಬಂದು, ಹಿಮ್ಮಡಕ್ಕೆ ಎರಡು ಬೆರಳು ಅಂತರ ಇರುವಾಗ ನಿಲ್ಲಿಸಿರಿ. ಎರಡು ಕಾಲು ಆದವು. ಕತ್ತರಿಸಿದ ಅಂಚುಗಳನ್ನೂ ಪಾದದ ಕಡೆಯನ್ನೂ ಹೊಲಿದು, ಎರಡು ಕಾಲು ಕೂಡುವಲ್ಲಿ ಎರಡು ಬೆರಳು ಹೋಗುವಷ್ಟು ಬಾಯಿ ಬಿಡಿರಿ. ಆ ಬಾಯಿಯಿಂದಲೇ ತಿರುವಿ, ಅಲ್ಲಿಂದಲೇ ತುಂಬಬೇಕು. ಹೆಬ್ಬೆರಳಿನ ಹತ್ತಿರ ತೂತಿದ್ದರೆ ಚಿಂತೆ ಬೇಡ. ತೂತಿನ ಭಾಗವನ್ನು ಕತ್ತರಿಸಿ, ಅಂಚಿನ ಸುತ್ತ ದಾರ ಪೋಣಿಸಿ ಬಿಗಿದು ಗಂಟು ಹಾಕಿದರೆ ನೆತ್ತಿ ಆಯಿತು. ಮೇಲೆ ಟೊಪ್ಪಿಗೆ ಬರುತ್ತದೆ, ಗಂಟು ಯಾರಿಗೂ ಕಾಣುವುದಿಲ್ಲ.

ಇನ್ನೊಂದು ಸಾಕ್ಸಿನ ಎಲಾಸ್ಟಿಕ್ ಪಟ್ಟಿ ಟೊಪ್ಪಿಗೆ ಆಗುತ್ತದೆ. ಅದರ ಕೆಳಗಿನ ಉದ್ದ ಭಾಗವನ್ನು ಎರಡು ಸೀಳು ಮಾಡಿ ಹೊಲಿದರೆ ಕೈಗಳು, ಉಳಿದ ತುಂಡಿನಲ್ಲಿ ಕಿವಿ. ಮಂಗ ಬೇಕೆಂದರೆ ಹಿಮ್ಮಡದ ಬಟ್ಟಲನ್ನು ಕತ್ತರಿಸಿ ಮುಖಕ್ಕೆ ಹಚ್ಚಿರಿ, ಮೂತಿ ತಾನಾಗಿ ಬರುತ್ತದೆ.

ತುಂಬುವುದಕ್ಕೆ ಏನು? ನಮ್ಮದು ಹತ್ತಿಯ ಸೀಮೆ. ಹಿಂದೆ ಈ ಭಾಗದಲ್ಲಿ ಜಯಧರ ಹತ್ತಿ ಅಂದರೆ ಮನೆಮಾತು, ಈಗ ಬಿ.ಟಿ. ಹತ್ತಿಯೇ ಹೆಚ್ಚು. ಮನೆಯಲ್ಲಿ ಹತ್ತಿ ಇದೆ ಎಂದು ಹೊಲದಿಂದ ಬಿಡಿಸಿ ತಂದದ್ದನ್ನೇ ತುಂಬುವವರಿದ್ದಾರೆ. ಅದು ಬೇಡ. ಅದರಲ್ಲಿ ಬೀಜ ಇರುತ್ತದೆ, ಎಲೆಯ ಚೂರು ಇರುತ್ತದೆ. ಬೀಜಕ್ಕೆ ಹುಳ ಬೀಳುತ್ತದೆ, ಇಲಿ ಬರುತ್ತದೆ. ಗಾದಿ ಮಾಡುವವರ ಹತ್ತಿರ ಬೀಜ ತೆಗೆದು ಹಿಂಜಿದ ಅರಳೆ ಸಿಗುತ್ತದೆ, ಅದನ್ನು ತನ್ನಿರಿ. ಅರಳೆಗೂ ಒಂದು ದೋಷವಿದೆ. ನೀರು ಕುಡಿದರೆ ಗಂಟುಗಂಟಾಗುತ್ತದೆ, ಒಳಗಿನ ತನಕ ಒಣಗಲು ಎರಡು ಮೂರು ದಿನ ಬೇಕು, ಮಳೆಗಾಲದಲ್ಲಿ ಬೂಸರು ಹಿಡಿಯುತ್ತದೆ. ಪ್ಯಾಟಿಯಲ್ಲಿ ದಿಂಬಿಗೆಂದು ಮಾರುವ ಫೈಬರ್ ಬೇಗ ಒಣಗುತ್ತದೆ, ಗಂಟಾಗುವುದು ಕಡಿಮೆ. ಅರಳೆ ನಮ್ಮ ಊರಿನದು ಎಂಬ ಅಭಿಮಾನ ನಮಗೂ ಇದೆ. ಆದರೂ ದಿನಾ ಜೊಲ್ಲು ಸುರಿಸುವ ಕೂಸಿಗೆ ಫೈಬರೇ ವಾಸಿ ಎಂಬುದು ನಮ್ಮ ಅನುಭವ. ಥರ್ಮಾಕೋಲ್ ಗುಳಿಗೆ, ಕಟ್ಟಿಗೆ ಹೊಟ್ಟು, ಜೋಳ, ಅಕ್ಕಿ ಯಾವುದನ್ನೂ ತುಂಬಬೇಡಿರಿ. ಹೊಲಿಗೆ ಬಿಚ್ಚಿದರೆ ಅವೆಲ್ಲ ಕೂಸಿನ ಬಾಯಿಗೆ, ಮೂಗಿಗೆ ಹೋಗುತ್ತವೆ.

ಚಿಕ್ಕ ಚಿಕ್ಕ ಉಂಡೆ ಮಾಡಿ ತುಂಬಿರಿ, ಮೊದಲು ತಲೆ, ಆಮೇಲೆ ಹೊಟ್ಟೆ, ಕೊನೆಗೆ ಕಾಲು. ಪೆನ್ಸಿಲ್ಲಿನ ಹಿಂಭಾಗದಿಂದ ಒತ್ತಿದರೆ ಮೂಲೆಗೂ ಹೋಗುತ್ತದೆ. ಕುತ್ತಿಗೆಗೆ ದಾರ ಪೋಣಿಸಿ ಬಿಗಿದು ಮೂರು ಗಂಟು ಹಾಕಿರಿ. ರಬ್ಬರ್ ಹಾಕಿದರೆ ಕೆಲವು ತಿಂಗಳಲ್ಲಿ ಹರಿಯುತ್ತದೆ. ಟೊಪ್ಪಿಗೆಯನ್ನು ಸುಮ್ಮನೆ ಏರಿಸಿ ಬಿಡದೆ ಸುತ್ತಲೂ ಹೊಲಿಯಿರಿ.

ಕಣ್ಣನ್ನು ತುಂಬಿದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಮುಖ ಮುದುಡುತ್ತದೆ. ಬಳಪದಿಂದ ಎರಡು ಸಣ್ಣ ದುಂಡು ಬರೆದುಕೊಂಡು, ಕುತ್ತಿಗೆಯ ಮಡಿಕೆಯೊಳಗಿಂದ ಸೂಜಿ ಚುಚ್ಚಿ ಕಣ್ಣಿನಲ್ಲಿ ಹೊರಗೆ ತೆಗೆಯಿರಿ, ಗಂಟು ಮಡಿಕೆಯಲ್ಲಿ ಅಡಗುತ್ತದೆ. ಕರೀ ದಾರದಿಂದ ಒತ್ತೊತ್ತಾಗಿ ತುಂಬಿರಿ. ಕಸೂತಿ ಬಲ್ಲವರು ಅಂಗಿಯ ಮೇಲೆ ಮೆಂತಿ ಹೊಲಿಗೆಯ ಚಿಕ್ಕ ಗೋಪುರವನ್ನೋ ನವಿಲನ್ನೋ ಹಾಕಿದರೆ ಅದು ಪಕ್ಕಾ ನಮ್ಮ ಸೀಮೆಯ ಗೊಂಬೆ. ಕೂದಲಿಗೆ ಉಲನ್ ಹಾಕುವುದಾದರೆ ತಲೆಗೆ ಅಂಟಿಸಿದಂತೆ ಹೊಲಿಯಿರಿ. ಉದ್ದ ಜಡೆ, ರಿಬ್ಬನ್ ಬೇಡ, ಕೂಸಿನ ಬೆರಳಿಗೆ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಗೊಂಬೆ ಆದ ಮೇಲೆ ಮಾಡಿದವಳು ಬಿಟ್ಟು ಇನ್ನೊಬ್ಬಳ ಕೈಗೆ ಕೊಡಿರಿ. ಆಕೆ ಕಿವಿ, ಕೈ, ಟೊಪ್ಪಿಗೆ ಎಲ್ಲವನ್ನೂ ಬಲವಾಗಿ ಎಳೆಯಲಿ. ನಮ್ಮದೇ ಗೊಂಬೆಯನ್ನು ನಾವು ಮೆತ್ತಗೆ ಎಳೆಯುತ್ತೇವೆ, ಅದು ಮನುಷ್ಯ ಸ್ವಭಾವ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇರುತ್ತದೆ. ಅದರೊಳಗೆ ಪೂರ್ತಿ ಹಿಡಿಸುವ ಯಾವ ತುಂಡೂ ಕೂಸಿನ ಗಂಟಲಿಗೆ ಅಪಾಯ ಎಂದು ಲೆಕ್ಕ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಇದೆ, ಅದಕ್ಕಿಂತ ಸ್ವಲ್ಪವೇ ಅಗಲ. ಅಂಗಿಯ ಗುಂಡಿ ಎಷ್ಟಿರುತ್ತದೆ, ನೀವೇ ನೋಡಿರಿ. ಇನ್ನು ವರ್ಷದೊಳಗಿನ ಕೂಸು ಮಲಗಿದಾಗ ತೊಟ್ಟಿಲಲ್ಲಿ ಯಾವ ಮೆತ್ತನೆಯ ಗೊಂಬೆಯನ್ನೂ ಇಡಬಾರದು, ಮುಖದ ಮೇಲೆ ಬಿದ್ದರೆ ಉಸಿರು ಕಟ್ಟುತ್ತದೆ. ಎಚ್ಚರ ಇದ್ದಾಗ ಆಡಲಿ.

"ಇದನ್ನ ಮಾರಬಹುದೇನ್ರಿ?" ಎಂದು ಎಲ್ಲ ಕಡೆ ಕೇಳುತ್ತಾರೆ. ಮಾರಾಟಕ್ಕೆ ಹೊಸ ಸಾಕ್ಸೇ ಬೇಕು, ಯಾರೋ ಹಾಕಿ ಬಿಟ್ಟದ್ದು ನಡೆಯುವುದಿಲ್ಲ. ಉದಾಹರಣೆಗೆ ಸಾಕ್ಸ್ ಜೊತೆಗೆ 30 ರೂಪಾಯಿ, ಫೈಬರ್ 10, ದಾರ 5, ಒಟ್ಟು 45 ಹಿಡಿಯಿರಿ. 80ಕ್ಕೆ ಮಾರಿದರೆ 35 ಲಾಭ ಎಂದು ಪುಸ್ತಕದಲ್ಲಿ ಬರೆಯುತ್ತೇವೆ. ಆದರೆ ಒಂದು ಗೊಂಬೆಗೆ ಮೂರು ತಾಸು ಹಿಡಿಯುತ್ತದಲ್ಲ? ತಾಸಿಗೆ 12 ರೂಪಾಯಿಯೂ ಬೀಳಲಿಲ್ಲ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಎಂಟು ತಾಸಿಗೆ ಹಂಚಿದರೆ ತಾಸಿಗೆ 46, ಮೂರು ತಾಸಿಗೆ 138. ನಮ್ಮ ಕೂಲಿ ಸೇರಿಸಿದರೆ ಗೊಂಬೆಯ ಖರ್ಚೇ 183 ಆಗುತ್ತದೆ. ಯಂತ್ರದ ಗೊಂಬೆ ಅದಕ್ಕಿಂತ ಕಡಿಮೆಗೆ ಸಿಗುವಾಗ ಎಲ್ಲರೂ ಕೊಳ್ಳುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆಂದು ಸಂಘದಲ್ಲಾಗಲಿ ಬ್ಯಾಂಕಿನಲ್ಲಾಗಲಿ ಸಾಲ ಎತ್ತಬೇಡಿರಿ ಎಂದೇ ನಾವು ಹೇಳುವುದು. ಮನೆಯ ಮಕ್ಕಳಿಗೆ, ಅಂಗನವಾಡಿಗೆ ಮಾಡಿರಿ. ಕೈ ಕುದುರಿ, ಕಸೂತಿ ಹಾಕಿದ ಗೊಂಬೆಗೆ ಯಾರಾದರೂ ಮುಂಚಿತವಾಗಿ ಆರ್ಡರ್ ಕೊಟ್ಟರೆ ಆಗ ಕೂಲಿ ಸೇರಿಸಿ ಬೆಲೆ ಹೇಳಿರಿ.

ಮಾರುವವರಿಗೆ ಕಾನೂನೂ ಇದೆ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಾಗಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯ, ಬಟ್ಟೆಯ ಗೊಂಬೆಗೂ ಸಹ. ಕೇಂದ್ರ ಜವಳಿ ಮಂತ್ರಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಣಿಯಾದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಕೊಟ್ಟಿದ್ದಾರೆ. ಮಾರುವ ಮನಸ್ಸಿದ್ದವರು ಮೊದಲು ಈ ನೋಂದಣಿಯ ಬಗ್ಗೆ ವಿಚಾರಿಸಿರಿ. "ಅಲಂಕಾರಕ್ಕೆ ಮಾತ್ರ ಅಂತ ಚೀಟಿ ಹಚ್ಚಿದರಾತು" ಎಂದು ಉಪಾಯ ಹೇಳುವವರೂ ಸಿಗುತ್ತಾರೆ. ಹತ್ತು ತಿಂಗಳ ಕೂಸಿಗೆ ಓದಲು ಬರುವುದಿಲ್ಲ.

ಗೊಂಬೆಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ಒಗೆಯಿರಿ. ಹಿಂಡುವಾಗ ತಿರುಚಬಾರದು, ಎರಡು ಅಂಗೈ ನಡುವೆ ಒತ್ತಿ ನೀರು ತೆಗೆದು ಬಿಸಿಲಿಗೆ ಮಲಗಿಸಿ ಒಣಗಿಸಬೇಕು. ಒಣಗಿದ ಮೇಲೆ ಹೊಲಿಗೆ ಸಡಿಲಾಗಿದ್ದರೆ ಕೂಸಿನ ಕೈಗೆ ಕೊಡುವ ಮೊದಲೇ ನಾಲ್ಕು ಹೊಲಿಗೆ ಹಾಕಿರಿ.